ನಮ್ಮವರ ಮೇಲೆ ನಾವೇ: ಕ್ರೈಂ ಸಿಬ್ಬಂದಿಯ ವಿರುದ್ಧ ಇಲಾಖಾ ವಿಚಾರಣೆ ನಡೆಸುವವರಿಗೆ

ಎಸ್‌ಪಿ ಕಚೇರಿಯಿಂದ ಕಡತವೊಂದು ನಿಮ್ಮ ಮೇಜಿಗೆ ಬಂದಿದೆ. ಮೇಲೆ ‘ವಿಚಾರಣೆ ನಡೆಸಿ ವರದಿ ಸಲ್ಲಿಸಿ’ ಎಂಬ ಒಂದೇ ಸಾಲಿನ ಷರಾ. ಒಳಗೆ ಅಪರಾಧ ಪತ್ತೆ ತಂಡದ ಕಾನ್‌ಸ್ಟೇಬಲ್ ಒಬ್ಬರ ದೂರು. ತಂಡದ ಪಿಎಸ್‌ಐ ಎಲ್ಲರೆದುರು ಹೊಲಸು ಮಾತಿನಲ್ಲಿ ಬೈಯುತ್ತಾರೆ, ಹೋಗದ ಊರಿಗೆ ಹೋದಂತೆ ಟಿ.ಎ. ಬಿಲ್ ಬರೆಸುತ್ತಾರೆ, ಸಹಿ ಹಾಕುವುದಿಲ್ಲ ಎಂದಿದ್ದಕ್ಕೆ ನನ್ನ ಮೊಬೈಲಿನ ಕರೆ ವಿವರವನ್ನೇ ತೆಗೆಸಿದ್ದಾರೆ ಎಂದು ಬರೆದಿದ್ದಾರೆ. ಆ ಪಿಎಸ್‌ಐ ನಿಮಗೆ ಚೆನ್ನಾಗಿ ಗೊತ್ತು. ಸರಗಳ್ಳರನ್ನು ಹಿಡಿದಾಗ ಪತ್ರಿಕಾಗೋಷ್ಠಿಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದವರು. ಮಧ್ಯಾಹ್ನದೊಳಗೆ ಎರಡು ಫೋನ್ ಬಂದಿರುತ್ತವೆ. ಒಂದರಲ್ಲಿ ‘ಒಳ್ಳೆ ಕೆಲಸಗಾರ ಸಾರ್, ಸ್ವಲ್ಪ ನೋಡಿ’. ಇನ್ನೊಂದರಲ್ಲಿ ‘ಈ ಸಲ ಬಿಡಬೇಡಿ ಸಾರ್’.

ಇಂಥ ಕಡತ ಕೆಡುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಹಾವೂ ಸಾಯದೆ ಕೋಲೂ ಮುರಿಯದೆ ಬರೆದ ವರದಿ: ‘ಇಬ್ಬರಿಗೂ ಸೂಕ್ತ ತಿಳಿವಳಿಕೆ ನೀಡಲಾಗಿದೆ’. ಎರಡನೆಯದು ಇದಕ್ಕಿಂತ ಕೆಟ್ಟದ್ದು. ವಿಚಾರಣೆ ಮಾಡುವವರೂ ಹಳೆಯ ಕ್ರೈಂ ಅಧಿಕಾರಿಯೇ ಆದ್ದರಿಂದ, ಕಳ್ಳನ ಬೆನ್ನು ಹತ್ತಿದ ಹಾಗೆ ಹತ್ತಿ, ಸತ್ಯ ಹೊರತೆಗೆದು, ಶಿಕ್ಷೆಯನ್ನೂ ಕೊಡಿಸುತ್ತಾರೆ. ಕೆಲವು ವರ್ಷಗಳ ಮೇಲೆ ಕೆಎಟಿ ಎಂದೇ ಎಲ್ಲರೂ ಕರೆಯುವ ಆಡಳಿತ ನ್ಯಾಯಮಂಡಳಿಯಲ್ಲೋ ಹೈಕೋರ್ಟಿನಲ್ಲೋ ಆ ಆದೇಶ ಬಿದ್ದುಹೋಗುತ್ತದೆ. ತಪ್ಪು ಮಾಡಿಲ್ಲವೆಂದು ಬೀಳುವುದಲ್ಲ, ತಪ್ಪನ್ನು ತೋರಿಸಿಕೊಟ್ಟ ವಿಧಾನ ನಿಲ್ಲದೆ ಬೀಳುವುದು. ಶಿಕ್ಷೆಯಾಗಿದ್ದವರು ಬಾಕಿ ಸಂಬಳ ಸಮೇತ ಅದೇ ಠಾಣೆಗೆ ಬರುತ್ತಾರೆ. ದೂರು ಕೊಟ್ಟ ಕಾನ್‌ಸ್ಟೇಬಲ್ ಇನ್ನೂ ಅಲ್ಲೇ ಇರುತ್ತಾರೆ.

ಅಪರಾಧ ತನಿಖೆಯಲ್ಲಿ ಪಳಗಿದ ಕೈ ಇಲಾಖಾ ವಿಚಾರಣೆಯಲ್ಲಿ ಅನುಕೂಲಕ್ಕಿಂತ ಅಡ್ಡಿಯಾಗುವುದೇ ಹೆಚ್ಚು. ಅದು ಯಾಕೆ ಎಂದು ತಿಳಿದರೆ ಮುಂದಿನ ಹೆಜ್ಜೆಗಳು ತಾವಾಗಿ ಅರ್ಥವಾಗುತ್ತವೆ.

ಕಾನೂನಿನ ಬಗ್ಗೆ ಚುಟುಕಾಗಿ

ನಮ್ಮ ರಾಜ್ಯದಲ್ಲಿ ಪೊಲೀಸರ ಶಿಸ್ತುಕ್ರಮಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮತ್ತು 1965ರ ಶಿಸ್ತು ನಡವಳಿ ನಿಯಮಗಳು ಆಧಾರ. ಮೇಲಿನ ದರ್ಜೆಯ ರಾಜ್ಯ ಅಧಿಕಾರಿಗಳಿಗೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, ಐಪಿಎಸ್ ಅಧಿಕಾರಿಗಳಿಗೆ 1969ರ ಅಖಿಲ ಭಾರತ ಸೇವಾ ನಿಯಮಗಳು. ನಡತೆಯ ಮಟ್ಟಿಗೆ ರಾಜ್ಯ ಸರ್ಕಾರಿ ನೌಕರರಿಗೆಲ್ಲ 2021ರ ನಡತೆ ನಿಯಮಗಳಿವೆ. ಇವೆಲ್ಲದರ ನೆತ್ತಿಯ ಮೇಲೆ ಸಂವಿಧಾನದ 311ನೇ ವಿಧಿ: ನೇಮಕ ಮಾಡಿದವರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ, ಆಪಾದನೆ ತಿಳಿಸದೆ, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ವಜಾ, ತೆಗೆದುಹಾಕುವಿಕೆ, ಹಿಂಬಡ್ತಿ ಯಾವುದೂ ಇಲ್ಲ. ಈ ವಿಧಿಗೆ ಅಪವಾದಗಳಿವೆ. ವಿಚಾರಣೆ ನಡೆಸುವುದು ಸಾಧ್ಯವೇ ಇಲ್ಲವೆಂದು ಕಾರಣ ಬರೆದು ನೇರವಾಗಿ ವಜಾ ಮಾಡಬಹುದು; 1985ರ ತುಳಸೀರಾಂ ಪಟೇಲ್ ತೀರ್ಪು ಅದನ್ನು ಎತ್ತಿಹಿಡಿಯಿತು. ಆದರೆ ‘ಸಾಕ್ಷಿಗಳು ಹೆದರುತ್ತಾರೆ’ ಎಂದು ಒಂದು ಸಾಲು ಗೀಚಿ ಆ ಬಾಗಿಲಿಂದ ನುಗ್ಗಲು ಹೋಗಬೇಡಿ. ಕೋರ್ಟು ಮೊದಲು ಕೇಳುವುದೇ ‘ಹೆದರುತ್ತಾರೆ ಎನ್ನುವುದಕ್ಕೆ ಆಧಾರ ಎಲ್ಲಿ?’ ಎಂದು.

ಸಾರ್ವಜನಿಕರ ದೂರುಗಳಿಗೆ ಬೇರೆ ದಾರಿಗಳೂ ಇವೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಪೊಲೀಸ್ ದೂರು ಪ್ರಾಧಿಕಾರ ಬಂತು. ಸಿಸಿಎ ನಿಯಮಗಳ 14-ಎ ಅಡಿ ಲೋಕಾಯುಕ್ತಕ್ಕೆ ವಿಚಾರಣೆ ವಹಿಸುವ ಪದ್ಧತಿಯೂ ಇದೆ. ಈ ಲೇಖನ ಠಾಣೆಯೊಳಗೆ, ಸಿಬ್ಬಂದಿಯ ನಡುವೆ ನಡೆಯುವ ದುರ್ನಡತೆಯ ಬಗ್ಗೆ ಮಾತ್ರ.

ಕ್ರೈಂ ಸಿಬ್ಬಂದಿಯ ವಿಚಾರಣೆ ಯಾಕೆ ಬೇರೆ?

ಎದುರು ಕೂತವರಿಗೆ ನಿಮ್ಮ ಕಸುಬು ಗೊತ್ತು. ಯಾವ ಪುಸ್ತಕ ನೋಡುತ್ತೀರಿ, ಯಾರನ್ನು ಮೊದಲು ಕರೆಸುತ್ತೀರಿ, ಸಿಸಿಟಿವಿ ಎಷ್ಟು ದಿನ ಉಳಿಯುತ್ತದೆ, ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಬರುತ್ತದೆ, ಎಲ್ಲ ಗೊತ್ತು. ಕಡತ ನಿಮ್ಮ ಕೈಗೆ ಬರುವ ಮೊದಲೇ ತಂಡದವರೆಲ್ಲ ಒಂದೇ ಹೇಳಿಕೆ ಬಾಯಿಪಾಠ ಮಾಡಿರುವುದು ಹೊಸದೇನಲ್ಲ.

ಎರಡನೆಯದಾಗಿ, ಈ ಕೆಲಸದ ಅರ್ಧ ಭಾಗ ಕಾಗದದ ಮೇಲೆ ಇರುವುದೇ ಇಲ್ಲ. ಬಾತ್ಮಿದಾರನ ಭೇಟಿ, ಮಫ್ತಿಯಲ್ಲಿ ರಾತ್ರಿಯಿಡೀ ಕಾಯುವುದು, ಹೊರರಾಜ್ಯದ ಲಾಡ್ಜಿನಲ್ಲಿ ಬೇರೆ ಹೆಸರಿನಲ್ಲಿ ಉಳಿಯುವುದು, ಇವೆಲ್ಲ ನ್ಯಾಯವಾಗಿಯೇ ಗುಟ್ಟಿನ ಕೆಲಸ. ಅದೇ ಗುಟ್ಟು ಸುಳ್ಳು ಬಿಲ್ಲಿಗೂ ಕುಡಿತಕ್ಕೂ ಕಿರಿಯರ ಮೇಲಿನ ದಬ್ಬಾಳಿಕೆಗೂ ಪರದೆಯಾಗುತ್ತದೆ. ‘ಸೋರ್ಸ್ ಜೊತೆ ಇದ್ದೆ ಸಾರ್, ಹೆಸರು ಹೇಳೋಕಾಗಲ್ಲ’ ಎನ್ನುವ ಮಾತು ನಿಜವೂ ಇರಬಹುದು, ನೆಪವೂ ಇರಬಹುದು.

ಮೂರನೆಯದನ್ನು ನಾವು ಗಮನಿಸುವುದು ಕಡಿಮೆ. ಪೊಲೀಸರಿಗೆ ಸಂಘ ಕಟ್ಟುವ ಹಕ್ಕಿಗೆ 1966ರ ಕೇಂದ್ರ ಕಾಯ್ದೆಯೇ ಕಡಿವಾಣ ಹಾಕಿದೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಬೇಡಿಕೆಗಳಲ್ಲಿ ಸಂಬಳ, ರಜೆಗಳ ಜೊತೆ ಮೇಲಧಿಕಾರಿಗಳ ಕಿರುಕುಳವೂ ಇತ್ತು. ಕಾರ್ಖಾನೆಯ ನೌಕರನಿಗೆ ಬೆನ್ನಿಗೆ ಯೂನಿಯನ್ ಇರುತ್ತದೆ. ಇಲ್ಲಿ ದೂರುದಾರರಿಗೂ ಆಪಾದಿತರಿಗೂ ಇರುವ ಆಸರೆ ನಿಮ್ಮ ಕಡತ ಒಂದೇ.

ಇನ್ನು ಪ್ರಶ್ನೆಯ ಸ್ವರೂಪ. ಅಪರಾಧ ತನಿಖೆಯಲ್ಲಿ ಹುಡುಕುವುದು ‘ಯಾರು ಮಾಡಿದರು?’ ಎಂಬುದನ್ನು. ಇಲ್ಲಿ ಹೆಸರು ಮೊದಲ ಪುಟದಲ್ಲೇ ಇದೆ. ಉಳಿದಿರುವುದು ಮೂರು ಪ್ರಶ್ನೆ: ಹೇಳಿದ ಘಟನೆ ನಡೆದಿದೆಯೇ, ನಡೆದಿದ್ದರೆ ಯಾವ ನಿಯಮ ಮುರಿದಿದೆ, ಆಪಾದಿತರ ಮಾತನ್ನು ಕೇಳಲಾಗಿದೆಯೇ. ಮೂರನೆಯದಕ್ಕೆ ಮೊದಲೆರಡರಷ್ಟೇ ತೂಕ.

ಹೆಜ್ಜೆ ಹೆಜ್ಜೆಯಾಗಿ

1. ನೀವೇ ಮಾಡಬಹುದೇ ಎಂದು ಮೊದಲು ನೋಡಿಕೊಳ್ಳಿ. ಆಪಾದಿತರ ನೇರ ಮೇಲಧಿಕಾರಿ ನೀವೇ ಆಗಿದ್ದು, ಆ ಟಿ.ಎ. ಬಿಲ್ಲಿಗೆ ನಿಮ್ಮ ಮೇಲುಸಹಿಯೂ ಇದ್ದರೆ ನೀವು ಸಾಕ್ಷಿ, ವಿಚಾರಣಾಧಿಕಾರಿಯಲ್ಲ. ಉತ್ತರ ಪ್ರದೇಶದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣ 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ವಿಚಾರಣೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿ, ಸಾಕ್ಷಿಯೊಬ್ಬ ಮಾತು ಬದಲಿಸಿದಾಗ, ತಾವೇ ಪೀಠದಿಂದ ಇಳಿದು ಸಾಕ್ಷಿ ಹೇಳಿ, ಮತ್ತೆ ಪೀಠ ಹತ್ತಿ ವಜಾ ಮಾಡಿದ್ದರು! ವಜಾ ಸಂವಿಧಾನ ಜಾರಿಗೆ ಬರುವ ಮೊದಲು ಆಗಿದ್ದರಿಂದ ಆ ನೌಕರನಿಗೆ ಪರಿಹಾರ ಸಿಗಲಿಲ್ಲ. ಆದರೆ ಅಂಥ ವಿಚಾರಣೆಯನ್ನು ಕೋರ್ಟು ಕಟುವಾಗಿ ಖಂಡಿಸಿತು, ಇಂದಿಗೂ ವಕೀಲರು ಆ ತೀರ್ಪನ್ನು ಎತ್ತುತ್ತಾರೆ. ಸಂಬಂಧ ಇದ್ದರೆ ಒಂದು ಪುಟ ಬರೆದು ಕಡತ ವಾಪಸ್ ಮಾಡಿ. ಅದರಲ್ಲಿ ಅವಮಾನವೇನೂ ಇಲ್ಲ.

2. ದೂರನ್ನು ಬಿಡಿಸಿ, ಯಾವುದು ಎಲ್ಲಿಗೆ ಎಂದು ವಿಂಗಡಿಸಿ. ಒಂದು ದೂರಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸಂಗತಿ ಹೆಣೆದುಕೊಂಡಿರುತ್ತವೆ. ಬೈಗುಳ ಶಿಸ್ತಿನ ವಿಷಯ. ಸುಳ್ಳು ಬಿಲ್ಲು ಶಿಸ್ತಿನದೂ ಹೌದು, ಅಪರಾಧವೂ ಆಗಬಹುದು. ಸಂಜ್ಞೇಯ ಅಪರಾಧ ಕಣ್ಣಿಗೆ ಕಂಡರೆ ಎಫ್‌ಐಆರ್ ಆಗಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಸಹೋದ್ಯೋಗಿ ಎಂಬ ಕಾರಣಕ್ಕೆ ಅದನ್ನು ಇಲಾಖಾ ವಿಚಾರಣೆಯ ಅಡಿಯಲ್ಲಿ ಹೂತುಹಾಕುವಂತಿಲ್ಲ. ಲೈಂಗಿಕ ಕಿರುಕುಳದ ಅಂಶವಿದ್ದರೆ ಅದು ನಿಮ್ಮ ಕೈಯಲ್ಲೇ ಇರಬಾರದು. ಅದರ ಬಗ್ಗೆ ಮುಂದೆ ಬಿಡಿಯಾಗಿ ಬರೆದಿದ್ದೇನೆ.

3. ಅಳಿಸಿಹೋಗುವುದನ್ನು ಅಂದೇ ಹಿಡಿಯಿರಿ. ಹೇಳಿಕೆ ನಾಳೆ ಪಡೆಯಬಹುದು, ದೃಶ್ಯ ಸಿಗದು. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳ ಪ್ರವೇಶದ್ವಾರ, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿಗಳಲ್ಲೆಲ್ಲ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಧ್ಯವಿಲ್ಲದಿದ್ದರೆ ಕನಿಷ್ಠ 1 ವರ್ಷ ಕಾಯ್ದಿಡಬೇಕು ಎಂದಿತು. ಹಾಗೆಂದು ಡಿವಿಆರ್‌ನಲ್ಲಿ ಎಲ್ಲವೂ ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ. ಕಡತ ಬಂದ ದಿನವೇ ಠಾಣಾಧಿಕಾರಿಗೆ ಲಿಖಿತ ಸೂಚನೆ ಹೋಗಲಿ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟಕ್ಕೆ ಎಂದು ಬರೆಯಿರಿ. ದೃಶ್ಯ ಇಲ್ಲವೆಂದರೆ ಅದನ್ನೂ ಬರವಣಿಗೆಯಲ್ಲೇ ಪಡೆಯಿರಿ. ಆಮೇಲೆ ಸ್ಟೇಷನ್ ಹೌಸ್ ಡೈರಿ, ಕರ್ತವ್ಯ ಹಂಚಿಕೆ ಪುಸ್ತಕ, ಜೀಪಿನ ಲಾಗ್ ಪುಸ್ತಕ, ಮುದ್ದೆಮಾಲು ರಿಜಿಸ್ಟರ್, ಸಂಬಂಧಿಸಿದ ಬಿಲ್ಲುಗಳು. ಮೂಲ ಪುಸ್ತಕ ಠಾಣೆಗೆ ದಿನವೂ ಬೇಕು, ಆದ್ದರಿಂದ ಪುಟಸಂಖ್ಯೆ ಹಾಕಿಸಿ, ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ಸಹಿ ಮಾಡಿ, ದೃಢೀಕೃತ ಪ್ರತಿ ತೆಗೆದುಕೊಂಡು ವಾಪಸ್ ಕೊಡಿ.

4. ಹೊರಗಿನಿಂದ ಒಳಕ್ಕೆ ಹೇಳಿಕೆ ಪಡೆಯಿರಿ. ಮೊದಲು ತಂಡದವರನ್ನು ಕರೆಸುವುದು ಸಹಜ ಪ್ರವೃತ್ತಿ. ತಿರುಗಿಸಿ ಮಾಡಿ. ಸೆಂಟ್ರಿ, ಠಾಣಾ ಬರಹಗಾರ, ಜೀಪ್ ಚಾಲಕ, ಕಂಪ್ಯೂಟರ್ ಮುಂದೆ ಕೂರುವ ಸಿಬ್ಬಂದಿ, ಕೋರ್ಟ್ ಪಿಸಿ, ಇವರು ತಂಡದ ಮರ್ಜಿಯಲ್ಲಿ ಇರುವವರಲ್ಲ, ತಂಡದ ಓಡಾಟ ನೋಡಿರುವವರು. ಅಂದು ಜೀಪು ಎಲ್ಲಿತ್ತು ಎಂಬುದಕ್ಕೆ ಚಾಲಕನ ಒಂದು ವಾಕ್ಯ, ತಂಡದ ಐದು ಜನರ ಐದು ಪುಟಕ್ಕೆ ಸಮ. ತಂಡದವರನ್ನು ಕರೆಸಿದಾಗ ಒಂದೇ ದಿನ, ಬೇರೆ ಬೇರೆಯಾಗಿ ಕೇಳಿ. ಹೇಳಿಕೆಗಳು ಅಕ್ಷರಕ್ಕೆ ಅಕ್ಷರ ಒಂದೇ ಬಂದರೆ ಸಂತೋಷಪಡಬೇಡಿ. ಬಾಯಿಪಾಠಕ್ಕೆ ಸಿಗದ ಸಣ್ಣ ವಿವರಗಳನ್ನು ಕೇಳಿ. ಊಟ ಎಲ್ಲಾಯಿತು, ಜೀಪಿನಲ್ಲಿ ಮುಂದೆ ಕೂತವರು ಯಾರು, ಡೀಸೆಲ್ ಎಲ್ಲಿ ಹಾಕಿಸಿದಿರಿ.

5. ಪಿ.ಇ. ಮತ್ತು ಡಿ.ಇ. ಬೆರೆಸಬೇಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಕಡತಗಳು ಹೆಚ್ಚು ಕೆಡುವುದು ಇಲ್ಲೇ. ಪ್ರಾಥಮಿಕ ವಿಚಾರಣೆಯ (ಪಿ.ಇ.) ಉದ್ದೇಶ ‘ಆಪಾದನೆ ಹೊರಿಸುವಷ್ಟು ವಿಷಯ ಇದೆಯೇ’ ಎಂದು ನೋಡುವುದಷ್ಟೇ. ಅಲ್ಲಿ ಪಡೆದ ಹೇಳಿಕೆಗಳು ಮುಂದಿನ ಇಲಾಖಾ ವಿಚಾರಣೆಯಲ್ಲಿ (ಡಿ.ಇ.) ತಾವಾಗಿ ಸಾಕ್ಷ್ಯವಾಗುವುದಿಲ್ಲ. 2013ರ ನಿರ್ಮಲಾ ಝಾಲಾ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಸಾಕ್ಷಿ ಮತ್ತೆ ಬರಬೇಕು, ಆಪಾದಿತರ ಎದುರು ಹೇಳಬೇಕು, ಪಾಟೀ ಸವಾಲು ಎದುರಿಸಬೇಕು. ದಾಖಲೆಯನ್ನು ಸುಮ್ಮನೆ ಕಡತಕ್ಕೆ ಲಗತ್ತಿಸಿದರೂ ಸಾಲದು, ಅದನ್ನು ಬಲ್ಲವರು ಬಂದು ಗುರುತಿಸಬೇಕು ಎಂದು 2008ರ ರೂಪ್ ಸಿಂಗ್ ನೇಗಿ ತೀರ್ಪು. ದೆಹಲಿಯ ಕಾನ್‌ಸ್ಟೇಬಲ್ ಒಬ್ಬರ ಮೇಲೆ ಕೂಲಿಯವರ ಹಣದಲ್ಲಿ 200 ರೂಪಾಯಿ ಇಟ್ಟುಕೊಂಡ ಆಪಾದನೆ ಬಂದಿತ್ತು. ಆ ಕೂಲಿಯವರನ್ನೇ ವಿಚಾರಣೆಗೆ ಕರೆತರಲಿಲ್ಲ, ಹಳೆಯ ಹೇಳಿಕೆಯ ಮೇಲೇ ವಜಾ ಮಾಡಿದರು. 1998ರಲ್ಲಿ ಸುಪ್ರೀಂ ಕೋರ್ಟು ‘ಸಾಕ್ಷ್ಯವೇ ಇಲ್ಲ’ ಎಂದು ಆದೇಶ ರದ್ದು ಮಾಡಿತು.

ಪಿ.ಇ. ಮಾಡಿದವರೇ ಡಿ.ಇ.ಗೂ ಕೂರಬಾರದು, ಇಲಾಖೆಯ ಪರ ವಾದಿಸುವ ಮಂಡನಾಧಿಕಾರಿ ಕೇಳಬೇಕಾದ ಪ್ರಶ್ನೆಗಳನ್ನು ವಿಚಾರಣಾಧಿಕಾರಿ ಕೇಳುತ್ತಾ ಹೋಗಬಾರದು. ವಿಚಾರಣಾಧಿಕಾರಿ ಇಲಾಖೆಯ ಪ್ರತಿನಿಧಿಯಲ್ಲ, ಸ್ವತಂತ್ರವಾಗಿ ತೂಗುವವರು ಎಂಬುದು 2010ರ ಸರೋಜ್ ಕುಮಾರ್ ಸಿನ್ಹಾ ತೀರ್ಪಿನ ತಿರುಳು. ಹಳೆಯ ಕ್ರೈಂ ಅಧಿಕಾರಿಗೆ ಇದು ಬಹಳ ಕಷ್ಟ. ಸಾಕ್ಷಿ ತಡವರಿಸಿದರೆ ಸಾಕು, ನಾಲಿಗೆ ತುರಿಸುತ್ತದೆ.

6. ಆಪಾದನಾ ಪತ್ರದಲ್ಲಿ ವಿಶೇಷಣ ಬೇಡ, ವಿವರ ಬೇಕು. ನಮ್ಮ ಮೆಮೊಗಳಲ್ಲಿ ಒಂದು ಸವೆದ ಅಚ್ಚು ಇದೆ: ‘ಶಿಸ್ತಿನ ಇಲಾಖೆಯಲ್ಲಿದ್ದುಕೊಂಡು ಬೇಜವಾಬ್ದಾರಿತನ, ಅಶಿಸ್ತು, ಕರ್ತವ್ಯ ನಿರ್ಲಕ್ಷ್ಯತೆ ಎಸಗಿರುತ್ತೀರಿ’. ಇದನ್ನು ಓದಿದವನಿಗೆ ಏನಕ್ಕೆ ಉತ್ತರ ಕೊಡಬೇಕೆಂದೇ ತಿಳಿಯದು. ಉತ್ತರ ಕೊಡಲಾಗದ ಆಪಾದನೆ ನಿಲ್ಲುವುದೂ ಇಲ್ಲ. ಬದಲಿಗೆ ಹೀಗೆ ಬರೆಯಿರಿ: ಇಂಥ ದಿನಾಂಕದಂದು ಇಷ್ಟು ಗಂಟೆಗೆ ಕ್ರೈಂ ಕೊಠಡಿಯಲ್ಲಿ, ಇಂಥಿಂಥವರ ಎದುರು, ಇಂಥ ಪಿಸಿಗೆ ಈ ಮಾತುಗಳನ್ನು ಆಡಿದ್ದೀರಿ (ಆ ಮಾತುಗಳನ್ನೇ ಬರೆಯಿರಿ, ‘ಅವಾಚ್ಯ ಶಬ್ದ’ ಎಂದು ಮುಚ್ಚಬೇಡಿ), ಇದು ನಡತೆ ನಿಯಮದ ಇಂಥ ಉಪನಿಯಮದ ಉಲ್ಲಂಘನೆ. ಪ್ರತಿ ಆಪಾದನೆಗೂ ಅದರದೇ ಸಾಕ್ಷಿ ಪಟ್ಟಿ, ದಾಖಲೆ ಪಟ್ಟಿ. ಶಿಸ್ತು ಪ್ರಾಧಿಕಾರಿ ಆಪಾದನಾ ಪತ್ರವನ್ನು ಸ್ವತಃ ಓದಿ ಅನುಮೋದಿಸಿದ್ದು ಕಡತದಲ್ಲಿ ಕಾಣಬೇಕು. ಅದಿಲ್ಲದ ಆಪಾದನಾ ಪತ್ರ ಊರ್ಜಿತವಲ್ಲ ಎಂದು 2013ರ ಗೋಪಿನಾಥ್ ತೀರ್ಪು ಹೇಳಿದೆ.

7. ಕೇಳುವಾಗ ತೂಕ ಬೇರೆ ಎಂಬುದು ನೆನಪಿರಲಿ. ಕ್ರಿಮಿನಲ್ ಕೋರ್ಟಿನ ‘ಸಂಶಯಾತೀತ’ ಪುರಾವೆ ಇಲ್ಲಿ ಬೇಕಿಲ್ಲ. ಎರಡು ಸಾಧ್ಯತೆಗಳಲ್ಲಿ ಯಾವುದು ಹೆಚ್ಚು ನಂಬುವಂಥದ್ದು ಎಂಬಷ್ಟು ಸಾಕು. ಹರಿಯಾಣದ ಬಸ್ ಕಂಡಕ್ಟರ್ ಒಬ್ಬರ ಪ್ರಕರಣದಲ್ಲಿ 1977ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು, ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಇಲ್ಲಿ ಅನ್ವಯಿಸದು, ಆದರೆ ಏನಾದರೂ ಸಾಕ್ಷ್ಯ ಇರಬೇಕು ಎಂದಿತ್ತು. ಆದ್ದರಿಂದ ‘ಪ್ರತ್ಯಕ್ಷ ಸಾಕ್ಷಿ ಇಲ್ಲ, ಆರೋಪ ಸಾಬೀತಾಗಿಲ್ಲ’ ಎಂದು ಮುಗಿಸುವುದೂ ತಪ್ಪೇ.

8. ವರದಿಯ ಪ್ರತಿ ಕೊಡಿಸಿ, ಕಾಲ ನೋಡಿಕೊಳ್ಳಿ. ಶಿಕ್ಷೆ ತೀರ್ಮಾನಿಸುವ ಮೊದಲು ವಿಚಾರಣಾ ವರದಿಯ ಪ್ರತಿ ಆಪಾದಿತರಿಗೆ ಸಿಗಬೇಕು. 1993ರ ಇಸಿಐಎಲ್ ಪ್ರಕರಣದಿಂದ ಇದು ಗಟ್ಟಿ ನಿಯಮ. ವರದಿ ಒಪ್ಪದೆ ಶಿಸ್ತು ಪ್ರಾಧಿಕಾರಿ ಬೇರೆ ತೀರ್ಮಾನಕ್ಕೆ ಬಂದರೆ, ಆ ಕಾರಣಗಳನ್ನು ತಾತ್ಕಾಲಿಕವಾಗಿ ತಿಳಿಸಿ ಉತ್ತರ ಕೇಳಬೇಕು. ಅವಧಿಯ ವಿಷಯದಲ್ಲಿ 2015ರ ಪ್ರೇಮನಾಥ್ ಬಾಲಿ ತೀರ್ಪು 6 ತಿಂಗಳಲ್ಲಿ ಮುಗಿಸಲು ಯತ್ನಿಸಿ, ಹೆಚ್ಚೆಂದರೆ 1 ವರ್ಷ ಎಂದಿದೆ.

ಕರೆ ವಿವರ, ಸೋರ್ಸ್, ಮೊಬೈಲು

ಕ್ರೈಂ ತಂಡಗಳಿಗೇ ಅಂಟಿದ ದುರುಪಯೋಗ ಮೊಬೈಲ್ ಕರೆ ವಿವರದ್ದು, ಅಂದರೆ ಸಿಡಿಆರ್‌ನದ್ದು. 2013ರಲ್ಲಿ ದೆಹಲಿಯಲ್ಲಿ ರಾಷ್ಟ್ರ ಮಟ್ಟದ ವಿರೋಧ ಪಕ್ಷದ ನಾಯಕರೊಬ್ಬರ ಕರೆ ವಿವರವನ್ನು ಕಾನ್‌ಸ್ಟೇಬಲ್ ಒಬ್ಬ ಮೇಲಧಿಕಾರಿಯ ಅಧಿಕೃತ ಇಮೇಲ್ ಬಳಸಿ ಪಡೆಯಲು ಹೋಗಿ ಸಿಕ್ಕಿಬಿದ್ದ. ಆಮೇಲೆ ಕೋರಿಕೆ ಎಸ್‌ಪಿ ದರ್ಜೆಯವರ ಮೂಲಕವೇ ಹೋಗಬೇಕೆಂಬ ಕಟ್ಟು ಬಂತು. ಆದರೂ ದಾರಿಗಳಿವೆ. ಹೆಚ್ಚಾಗಿ ಬಳಸುವ ದಾರಿ, ಯಾವುದೋ ಕಳವು ಪ್ರಕರಣದ ಅಪರಾಧ ಸಂಖ್ಯೆಯಡಿ ಕಳಿಸುವ ನಂಬರುಗಳ ಪಟ್ಟಿಯಲ್ಲಿ ಸಹೋದ್ಯೋಗಿಯದೋ ಮನೆಯವರದೋ ನಂಬರನ್ನು ನುಸುಳಿಸುವುದು. ಆದ್ದರಿಂದ ನೀವು ನೋಡಬೇಕಾದದ್ದು ಕೋರಿಕೆಯ ಪಟ್ಟಿ ಮತ್ತು ಆ ಪ್ರಕರಣದ ಕೇಸ್ ಡೈರಿ. ಆ ನಂಬರು ಯಾಕೆ ಬೇಕಿತ್ತು ಎಂಬ ಒಂದು ಸಾಲು ಡೈರಿಯಲ್ಲಿ ಇಲ್ಲದಿದ್ದರೆ ಆ ಸಾಲಿನ ಗೈರುಹಾಜರಿಯೇ ನಿಮ್ಮ ಪ್ರಶ್ನೆ. ಹೀಗೆ ನಂಬರು ನುಸುಳಿಸುವುದು ಅಪರಾಧದ ಮಟ್ಟಕ್ಕೂ ಹೋಗಬಹುದು, 2ನೇ ಹೆಜ್ಜೆ ಮತ್ತೆ ಓದಿ.

ಇಲ್ಲೊಂದು ವಿಚಿತ್ರ ಎಡವಟ್ಟು ಆಗುತ್ತದೆ. ಆಪಾದಿತ ಅಂದು ಹುಬ್ಬಳ್ಳಿಗೆ ಹೋಗಿದ್ದು ನಿಜವೇ ಎಂದು ನೋಡಲು ವಿಚಾರಣಾಧಿಕಾರಿಯೇ ಆತನ ಸಿಡಿಆರ್ ತೆಗೆಸಿಬಿಡುತ್ತಾರೆ! ಯಾವ ತಪ್ಪಿನ ವಿಚಾರಣೆಯೋ ಅದೇ ತಪ್ಪು. ಇಲಾಖಾ ವಿಚಾರಣೆಯಲ್ಲಿ ನಿಮಗೆ ಬಂಧನದ ಅಧಿಕಾರವಿಲ್ಲ, ಶೋಧದ್ದಿಲ್ಲ, ಮೊಬೈಲ್ ಕಸಿದು ಪಾಸ್‌ವರ್ಡ್ ಕೇಳುವ ಅಧಿಕಾರವೂ ಇಲ್ಲ. ವಾಟ್ಸ್ಆ್ಯಪ್ ಗುಂಪಿನ ಸಂದೇಶ ಬೇಕಿದ್ದರೆ ಅದನ್ನು ಪಡೆದವರು ತಾವಾಗಿ ತೋರಿಸಲಿ. ಸ್ಕ್ರೀನ್‌ಶಾಟ್ ಮುದ್ರಿಸಿ ಸುಮ್ಮನಾಗದೆ, ಆ ಫೋನನ್ನೇ ನೋಡಿ, ನೋಡಿದ್ದನ್ನು ಬರೆದು, ಫೋನಿನ ಮಾಲೀಕರ ಸಹಿ ಪಡೆಯಿರಿ. ಪ್ರಯಾಣದ ಸತ್ಯಕ್ಕೆ ಲಾಗ್ ಪುಸ್ತಕ, ಟೋಲ್ ರಸೀದಿ, ಲಾಡ್ಜಿನ ರಿಜಿಸ್ಟರ್, ಹೋದ ಊರಿನ ಠಾಣೆಯ ಡೈರಿ ಸಾಕು. ಹೊರಜಿಲ್ಲೆಗೆ ಹೋದ ತಂಡ ಅಲ್ಲಿನ ಠಾಣೆಗೆ ವರದಿ ಮಾಡಿಕೊಂಡಿದ್ದರೆ ಆ ನಮೂದು ಇದ್ದೇ ಇರುತ್ತದೆ.

ಬಾತ್ಮಿದಾರನ ನೆಪಕ್ಕೂ ಒಂದು ದಾರಿ ಇದೆ. ಹೆಸರನ್ನು ಕಡತಕ್ಕೆ ತರಬೇಡಿ, ಆತನ ಜೀವದ ಪ್ರಶ್ನೆ. ಆದರೆ ಆ ಭೇಟಿ ಯಾವ ಅಧಿಕಾರಿಗೆ ಗೊತ್ತಿತ್ತು, ಹಣ ಕೊಟ್ಟಿದ್ದರೆ ಮಂಜೂರು ಮಾಡಿದವರು ಯಾರು ಎಂದು ಕೇಳಬಹುದು. ಆ ಮೇಲಧಿಕಾರಿ ‘ನನಗೆ ತಿಳಿದಿತ್ತು, ಪರಿಶೀಲಿಸಿದ್ದೇನೆ’ ಎಂದೋ ‘ತಿಳಿದಿರಲಿಲ್ಲ’ ಎಂದೋ ಬರೆದುಕೊಡಲಿ. ಎರಡರಲ್ಲಿ ಯಾವುದು ಬಂದರೂ ನಿಮ್ಮ ಕೆಲಸ ಮುಂದೆ ಹೋಗುತ್ತದೆ.

ದೂರಿನಲ್ಲಿ ಲೈಂಗಿಕ ಕಿರುಕುಳ ಇದ್ದರೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪೊಲೀಸ್ ಇಲಾಖೆಗೂ ಅನ್ವಯಿಸುತ್ತದೆ. ವಿಚಾರಣೆ ನಡೆಸಬೇಕಾದದ್ದು ಆಂತರಿಕ ಸಮಿತಿ: ಅಧ್ಯಕ್ಷೆ ಹಿರಿಯ ಮಹಿಳಾ ನೌಕರರು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಸದಸ್ಯರೊಬ್ಬರು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು, ಕಾರಣ ಬರೆದು ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿಯ ವರದಿಯನ್ನೇ ಶಿಸ್ತು ವಿಚಾರಣೆಯ ವರದಿ ಎಂದು ಪರಿಗಣಿಸಬೇಕು ಎಂದು 2012ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ‘ಸಮಿತಿ ಮುಗಿಯಿತು, ಇನ್ನು ಡಿ.ಇ. ಶುರು’ ಎಂದು ದೂರು ಕೊಟ್ಟ ಹೆಣ್ಣುಮಗಳನ್ನು ಮತ್ತೊಮ್ಮೆ ಸಾಕ್ಷಿ ಹೇಳಿಸುವುದು ಬೇಡ.

ಕ್ರೈಂ ತಂಡಗಳಲ್ಲಿ ಕೇಳಿಬರುವ ಒಂದು ವಾದ ಇದೆ: ‘ಅದು ಠಾಣೆಯಲ್ಲಿ ಆಗಿದ್ದಲ್ಲ ಸಾರ್, ಆರೋಪಿ ಹಿಡಿಯೋಕೆ ಹೋದಾಗ ಲಾಡ್ಜಲ್ಲಿ’. ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋದ ಜಾಗವೂ, ಅದಕ್ಕಾಗಿ ಇಲಾಖೆ ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಆ ಲಾಡ್ಜೂ ಹೌದು, ಆ ಜೀಪೂ ಹೌದು.

ಅವಸರವೂ ಅಪಾಯ. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸಮಿತಿ ಓಡೋಡಿ ವಿಚಾರಣೆ ಮುಗಿಸಿ ಆಪಾದಿತರಿಗೆ ಸರಿಯಾದ ಅವಕಾಶ ಕೊಟ್ಟಿರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನೆಲ್ಲ ಬದಿಗಿಟ್ಟು ಹಿಂದಕ್ಕೆ ಕಳಿಸಿತು. ವರ್ಷಗಳ ಹಿಂದೆ ಮಾತಾಡಿದ್ದ ದೂರುದಾರರಿಗೆ ಅದರಿಂದ ಆಗುವ ಆಯಾಸವನ್ನು ಊಹಿಸಿ.

ಎಚ್ಚರ: ಅಮಾನತು

ಅಮಾನತು ಶಿಕ್ಷೆಯಲ್ಲ, ಆದರೆ ಶಿಕ್ಷೆಯಂತೆ ಬಳಕೆಯಾಗುತ್ತದೆ. ಟಿವಿಯಲ್ಲಿ ಸುದ್ದಿ ಬಂದ ಸಂಜೆ ಅಮಾನತು, ಆಮೇಲೆ ಕಡತಕ್ಕೆ ಧೂಳು. 3 ತಿಂಗಳೊಳಗೆ ಆಪಾದನಾ ಪತ್ರ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಎಂದು 2015ರ ಅಜಯ್ ಕುಮಾರ್ ಚೌಧರಿ ತೀರ್ಪು ಹೇಳಿದೆ. ಜೀವನಾಧಾರ ಭತ್ಯೆಯ ವಿಷಯವಂತೂ ನಮ್ಮ ಕೋಲಾರದಿಂದಲೇ ಕಲಿಯಬೇಕಾದದ್ದು. ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು 1985ರಲ್ಲಿ ಅಮಾನತಾಯಿತು. ಭತ್ಯೆ ಕೊಡಲಿಲ್ಲ. ಆತ ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲು ಹಣವಿಲ್ಲ ಎಂದರೂ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಕ್ರಿಮಿನಲ್ ಕೋರ್ಟು ಬಿಡುಗಡೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟು ವಜಾವನ್ನೇ ತಳ್ಳಿಹಾಕಿತು. ಅದೇ ದಾಳಿ, ಅದೇ ಸಾಕ್ಷಿಗಳು, ಒಂದು ಕಡೆ ನಂಬದೆ ಇನ್ನೊಂದು ಕಡೆ ನಂಬುವುದು ಹೇಗೆ ಎಂಬುದು ಒಂದು ಕಾರಣ. ಊಟಕ್ಕೆ ಹಣ ಕೊಡದೆ ವಿಚಾರಣೆಗೆ ಬಾ ಎಂದದ್ದು ಇನ್ನೊಂದು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಶಂಕಿತನಿಗೆ ಹೇಳುವಂತೆ ‘ಎಲ್ಲಾ ಸಿಸಿಟಿವಿಯಲ್ಲಿದೆ, ಒಪ್ಕೊ’ ಎಂದು ಗುರಿ ಇಲ್ಲದೆ ಗುಂಡು ಹಾರಿಸುವುದು. ಎದುರಿಗಿರುವವರು ಆ ಮಾತನ್ನು ದಿನಕ್ಕೆ ನಾಲ್ಕು ಸಲ ತಾವೇ ಹೇಳುವವರು. ಆ ಕ್ಷಣಕ್ಕೆ ನಿಮ್ಮ ಬಳಿ ಏನೂ ಇಲ್ಲ ಎಂದು ಅವರಿಗೆ ಖಾತ್ರಿಯಾಗುತ್ತದೆ.

• ಠಾಣೆಯಲ್ಲೇ, ಅದೇ ಕ್ರೈಂ ಕೊಠಡಿಯಲ್ಲೇ ಹೇಳಿಕೆ ಪಡೆಯುವುದು. ಗೋಡೆಯಾಚೆ ಆ ಪಿಎಸ್‌ಐ ಓಡಾಡುತ್ತಿದ್ದರೆ ಯಾವ ಪಿಸಿ ಬಾಯಿ ಬಿಡುತ್ತಾರೆ? ನಿಮ್ಮ ಕಚೇರಿಗೆ ಕರೆಸಿ, ಬೇರೆ ನೆಪದ ಒಒಡಿ (ಅನ್ಯ ಕರ್ತವ್ಯ) ಹಾಕಿಸಿ.

• ರಕ್ಷಣೆಯ ಹೆಸರಿನಲ್ಲಿ ದೂರುದಾರರನ್ನೇ ದೂರದ ಠಾಣೆಗೆ ವರ್ಗ ಮಾಡುವುದು. ಯಾರನ್ನಾದರೂ ಸರಿಸಬೇಕಿದ್ದರೆ ಅಧಿಕಾರ ಇರುವವರನ್ನು ಸರಿಸಿ. ದೂರುದಾರರೇ ಕೇಳಿದರೆ ಮಾತ್ರ ಬೇರೆ ಮಾತು.

• ಆಪಾದಿತರು ಕೇಳಿದ ದಾಖಲೆಗೆ, ಕೇಳಿದ ನೆರವಿನ ಸಹೋದ್ಯೋಗಿಗೆ ಉತ್ತರವನ್ನೇ ಕೊಡದಿರುವುದು. ಕೊಡಲಾಗದಿದ್ದರೆ ಯಾಕೆ ಎಂದು ಒಂದು ಪ್ಯಾರಾ ಆದೇಶ ಬರೆಯಿರಿ. ಬರೆದ ನಿರಾಕರಣೆಯನ್ನು ಸಮರ್ಥಿಸಿಕೊಳ್ಳಬಹುದು, ಮೌನವನ್ನಲ್ಲ.

• ಆಪಾದಿತರ ಹಳೆಯ ಮೆಮೊಗಳನ್ನು ಆಪಾದನಾ ಪತ್ರದಲ್ಲಿ ಕಾಣಿಸದೆ, ಶಿಕ್ಷೆಯ ಆದೇಶದಲ್ಲಿ ತಟ್ಟನೆ ಎತ್ತುವುದು.

• ‘ಒಳ್ಳೆ ಡಿಟೆಕ್ಷನ್ ಇದೆ’ ಎಂಬ ಕಾರಣಕ್ಕೆ ಆರೋಪ ಸಾಬೀತಾಗಿಲ್ಲ ಎಂದು ಬರೆಯುವುದು. ಆತನ ಪತ್ತೆ ಕೆಲಸ ಎಷ್ಟು ದೊಡ್ಡದೋ ಅದು ಶಿಕ್ಷೆಯ ಪ್ರಮಾಣ ನಿಗದಿಯಾಗುವಾಗ ನೋಡತಕ್ಕದ್ದು. ಘಟನೆ ನಡೆದಿದೆಯೇ ಎಂಬ ಪ್ರಶ್ನೆಗೂ ಪದಕಕ್ಕೂ ಸಂಬಂಧವಿಲ್ಲ.

ದೂರು ಕೊಡುವವರಿಗೆ ಎರಡು ಮಾತು

ನೀವು ಆ ಕಾನ್‌ಸ್ಟೇಬಲ್ ಜಾಗದಲ್ಲಿದ್ದರೆ, ದೂರಿನಲ್ಲಿ ಬೇಸರವನ್ನು ಕಡಿಮೆ ಬರೆದು ದಿನಾಂಕಗಳನ್ನು ಹೆಚ್ಚು ಬರೆಯಿರಿ. ಕೊಟ್ಟ ದೂರಿಗೆ ಸ್ವೀಕೃತಿ ಪಡೆಯಿರಿ. ಪುರಾವೆಗೆಂದು ಕೇಸ್ ಡೈರಿಯ ಪುಟ, ಬಾತ್ಮಿದಾರರ ವಿವರ ಫೋಟೊ ಹೊಡೆದಿಟ್ಟುಕೊಳ್ಳಬೇಡಿ; ಆಮೇಲೆ ವಿಚಾರಣೆ ನಿಮ್ಮ ಮೇಲೆಯೇ ತಿರುಗುತ್ತದೆ. ಯಾವ ಪುಸ್ತಕದ ಯಾವ ದಿನದ ನಮೂದು ನೋಡಬೇಕು ಎಂದು ಬರೆದರೆ ಸಾಕು, ತರಿಸುವುದು ವಿಚಾರಣಾಧಿಕಾರಿಯ ಕೆಲಸ. ಮಾಧ್ಯಮಕ್ಕೆ ಕೊಡುವ ಆಸೆಯನ್ನೂ ತಡೆಯಿರಿ. ಲೈಂಗಿಕ ಕಿರುಕುಳದ ದೂರಾದರೆ ಗೋಪ್ಯತೆ ಕಾಪಾಡುವುದು ಕಾಯ್ದೆಯದೇ ಕಟ್ಟಳೆ.

ಆದೇಶ ಬಂದ ಮೇಲೆ

ಆರೋಪ ಸಾಬೀತಾಗಿ ವೇತನ ಬಡ್ತಿ ತಡೆಯೋ ಹಿಂಬಡ್ತಿಯೋ ಆಯಿತು, ಕಡತ ಮುಚ್ಚಿತು. ಆದರೆ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪ ಸಾಬೀತಾಗಿದ್ದರೆ ಕೆಲಸ ಅಲ್ಲಿಗೆ ಮುಗಿಯದು. ಅದೇ ಪಿಎಸ್‌ಐ ಹತ್ತಾರು ಪ್ರಕರಣಗಳಲ್ಲಿ ತನಿಖಾಧಿಕಾರಿ, ಅವರ ಮಹಜರುಗಳ ಮೇಲೆ ಜನ ಜೈಲಿನಲ್ಲಿದ್ದಾರೆ. ಅವರು ತನಿಖೆ ಮಾಡಿದ, ಇನ್ನೂ ಇತ್ಯರ್ಥವಾಗದ ಪ್ರಕರಣಗಳ ಪಟ್ಟಿ ಮಾಡಿಸಿ. ಕೇಸ್ ಡೈರಿಗಳು ಹೊಸ ಅಧಿಕಾರಿಗೆ ಪಟ್ಟಿ ಸಮೇತ ಹಸ್ತಾಂತರವಾಗಲಿ. ಮುದ್ದೆಮಾಲು ಕೊಠಡಿಯಲ್ಲಿ ಅವರು ಜಪ್ತಿ ಮಾಡಿದ ಚಿನ್ನ, ನಗದು, ಮೊಬೈಲುಗಳನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ, ತೂಕ ಹಾಕಿಸಿ. ಪಂಚರೂ ತಂಡದ ಪರಿಚಯದವರೇ ಆಗಿರುವ, ಜಪ್ತಿಗೆ ಬೇರೆ ಆಧಾರವೇ ಇಲ್ಲದ ಪ್ರಕರಣಗಳನ್ನು ಮೊದಲು ಎತ್ತಿಕೊಳ್ಳಿ. ಆ ಪಟ್ಟಿಯ ಒಂದು ಪ್ರತಿ ಸರ್ಕಾರಿ ಅಭಿಯೋಜಕರಿಗೂ ಹೋಗಲಿ. ಆರೋಪಿ ಪರ ವಕೀಲರ ಪಾಟೀ ಸವಾಲಿನಲ್ಲಿ ಮೊದಲ ಬಾರಿ ಕೇಳಿ ಪೆಚ್ಚಾಗುವುದಕ್ಕಿಂತ ಅವರಿಗೆ ಮೊದಲೇ ತಿಳಿದಿರುವುದು ವಾಸಿ.